ಹಾಲ್‌ನಲ್ಲೊಂದು ಉಪ್ಪುನೀರಿನ ತೊಟ್ಟಿ: ಮೊದಲ ಆರು ವಾರ

ಬೆಂಗಳೂರಿನ ನಮ್ಮ ಫ್ಲ್ಯಾಟಿನ ಬೋರ್‌ವೆಲ್ ನೀರಿಗೆ ಟಿಡಿಎಸ್ (ಕರಗಿದ ಲವಣಗಳ ಅಳತೆ) ಮೀಟರ್ ಅದ್ದಿದರೆ 740. ಅಡುಗೆಮನೆ ಆರ್‌ಓ ಫಿಲ್ಟರಿನ ನೀರು 85. ಸಮುದ್ರದ ಮೀನು, ಹವಳ ಸಾಕುವ ತೊಟ್ಟಿಗೆ ಇಷ್ಟು ಸಾಕಲ್ವಾ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ, ಕುಡಿಯಲು ರುಚಿ ಇರಲಿ ಅಂತ ಆ ಫಿಲ್ಟರ್ ಒಂದಿಷ್ಟು ಬೋರ್ ನೀರನ್ನು ಬೆರೆಸಿಯೇ ಕೊಡುತ್ತಿತ್ತು. ಅದರ ಜೊತೆ ನೈಟ್ರೇಟ್, ಸಿಲಿಕೇಟ್ ಬಂದರೆ ಪಾಚಿಗೆ ಹಬ್ಬ. ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಇರುವ ಬೇರೆ ಆರ್‌ಓ ತಂದೆ. ಮೀಟರ್ 0 ತೋರಿಸಿದ ಮೇಲೆಯೇ ಉಪ್ಪಿನ ಚೀಲ ಬಿಚ್ಚಿದ್ದು.

ಮೂರಡಿ ತೊಟ್ಟಿ. ಕಲ್ಲು, ಮರಳು ಕಳೆದು ಸುಮಾರು 150 ಲೀಟರ್ ನೀರು. ಅಕ್ವೇರಿಯಂಗೆಂದೇ ಮಾರುವ ಸಮುದ್ರ ಉಪ್ಪಿನ ಮಿಶ್ರಣ ಐದೂವರೆ ಕಿಲೋ ಬೇಕಾಯಿತು. ಅದರ ಬೆಲೆ ಕೇಳಿ ಕುಮಟಾದ ದೊಡ್ಡಪ್ಪ, "ಸಾಣಿಕಟ್ಟಾ ಉಪ್ಪು ಹಾಕಿದ್ರೆ ಆಗೂದಿಲ್ವನೋ ಮಾರಾಯ?" ಅಂದರು. ಆಗಲ್ಲ. ಅದು ಸಮುದ್ರದ ನೀರನ್ನು ಬತ್ತಿಸಿ ಮಾಡುವ ಅಡುಗೆ ಉಪ್ಪು. ನೀರು ಬತ್ತುವಾಗ ಕ್ಯಾಲ್ಸಿಯಂ ಮೊದಲೇ ಸುಣ್ಣ, ಜಿಪ್ಸಂ ಆಗಿ ತಳ ಸೇರುತ್ತದೆ. ಮೆಗ್ನೀಷಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಹೋಗುತ್ತದೆ. ನಡುವೆ ಸಿಗುವುದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಾರಿಗೆ ಚೆನ್ನ. ಹವಳಕ್ಕೆ ಕ್ಯಾಲ್ಸಿಯಂ 420, ಮೆಗ್ನೀಷಿಯಂ 1300 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಆಸುಪಾಸು ಬೇಕು.

ಇನ್ನು ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್. ಆರ್‌ಓ ನೀರಿಗೆ 0 ತೋರಿಸಿತು ಅಂತ ಅದನ್ನು ನಂಬಿದ್ದೆ. ಸಮುದ್ರದ ನೀರಿನಂತೆ ಸಾವಿರಕ್ಕೆ 35 ಪಾಲು ಉಪ್ಪು ತೋರಬೇಕಾದ ಪರೀಕ್ಷಾ ದ್ರಾವಣ ಹಾಕಿ ನೋಡಿದರೆ 33 ಅನ್ನುತ್ತದೆ! ನನ್ನ ತೊಟ್ಟಿ 35 ಅಲ್ಲ, 37ರ ಹತ್ತಿರ ಇತ್ತು.

ಮೀನು ಬರುವ ಮೊದಲು, ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಬೆಳೆಯಬೇಕು. ಅದಕ್ಕೆ ಅಮೋನಿಯಾ ಕೊಡಲು ಸತ್ತ ಸಿಗಡಿ ಹಾಕುವವರಿದ್ದಾರೆ. ನಾನು ಶುದ್ಧ ಅಮೋನಿಯಂ ಕ್ಲೋರೈಡ್ ಬಳಸಿದೆ. ಡಬ್ಬಿ ನೋಡಿದ ಅಮ್ಮ, "ಇದು ಕಲಾಯಿಯವನು ಹಾಕೋ ನವಸಾಗರ ಅಲ್ವೇನೋ" ಅಂದರು. ಅದೇ. 150 ಲೀಟರಿಗೆ 1 ಗ್ರಾಂ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ. ಹನ್ನೆರಡನೇ ದಿನಕ್ಕೆ ಅದು ಇಳಿದು ನೈಟ್ರೈಟ್ ಏರಿತು. ಅದೇ ದಿನ ಇನ್ನೊಂದು ಗ್ರಾಂ ಹಾಕಿದೆ. ಮೂರನೇ ವಾರ ನೈಟ್ರೇಟ್ ಕಿಟ್ 100 ತೋರಿಸಿದಾಗ ಎದೆ ಧಸಕ್ಕೆಂದಿತು. ಪೆನ್ನು ಹಿಡಿದು ಲೆಕ್ಕ ಹಾಕಿದೆ. 2 ಪಿಪಿಎಂ ಅಮೋನಿಯಾ ಪೂರ್ತಿ ನೈಟ್ರೇಟ್ ಆದರೂ 7.3ರ ಮೇಲೆ ಹೋಗದು. ಎರಡು ಸಲ ಸೇರಿ 15 ಅಷ್ಟೇ. ನೀರಲ್ಲಿ ನೈಟ್ರೈಟ್ ಇರುವಷ್ಟು ದಿನ ಆ ಕಿಟ್ ಸುಳ್ಳು ಹೇಳುತ್ತದೆ. ಸುಮ್ನೆ ಕಾದೆ. ಮೂವತ್ತನಾಲ್ಕನೇ ದಿನ ಅಮೋನಿಯಾ, ನೈಟ್ರೈಟ್ ಎರಡೂ 0. ನೈಟ್ರೇಟ್ 10 ಮತ್ತು 20ರ ನಡುವಿನ ಬಣ್ಣ.

ನೈಟ್ರೇಟ್ ವಿಷಯದಲ್ಲಿದ್ದ ಈ ತಾಳ್ಮೆ ಪಿಎಚ್ ವಿಷಯದಲ್ಲಿ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ 7.8. ಪುಸ್ತಕದಲ್ಲಿ 8.1ರಿಂದ 8.4. ನಾಲ್ಕು ದಿನ ದಿನಕ್ಕೊಂದು ಚಮಚ ಅಡುಗೆ ಸೋಡಾ ಕರಗಿಸಿ ಹಾಕಿದೆ. ಪಿಎಚ್ ಅಲ್ಲಾಡಲಿಲ್ಲ. ಆಲ್ಕಲಿನಿಟಿ (ನೀರು ಆಮ್ಲವನ್ನು ತಡೆಯುವ ಶಕ್ತಿ, ಅಳತೆ ಡಿಕೆಎಚ್‌ನಲ್ಲಿ) ಮಾತ್ರ 8ರಿಂದ 12 ಡಿಕೆಎಚ್‌ಗೆ ಏರಿತು, ಹೀಟರ್ ಮೇಲೆ ಬಿಳಿ ಸುಣ್ಣ ಕಟ್ಟಿತು. ಗೀಸರ್ ಕಾಯಿಲ್ ನೋಡಿದವರಿಗೆ ಆ ಪದರ ಹೊಸದಲ್ಲ.

ಆಮೇಲೆ ಮಾಡಿದ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ತೊಟ್ಟಿಯ ನೀರು ಒಂದು ಲೋಟ ತೆಗೆದು ಬಾಲ್ಕನಿಯಲ್ಲಿಟ್ಟು, ಗಾಳಿ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಟ್ಟೆ. 8.3! ನೀರಿನ ತಪ್ಪೇನೂ ಇರಲಿಲ್ಲ. ರಾತ್ರಿಯೆಲ್ಲ ಕಿಟಕಿ ಮುಚ್ಚಿದ ಮನೆ, ನಾಲ್ಕು ಜನರ ಉಸಿರು. ಆ ಕಾರ್ಬನ್ ಡೈಆಕ್ಸೈಡ್ ನೀರಿಗಿಳಿದು ಪಿಎಚ್ ಎಳೆಯುತ್ತಿತ್ತು. ಹಾಲ್ ಕಿಟಕಿ ಒಂದು ಗೇಣು ತೆರೆದು ಮಲಗಿದೆ. ಬೆಳಿಗ್ಗೆ 8.1. ಆಲ್ಕಲಿನಿಟಿ ಇಳಿಸಲು ಎರಡು ಸಲ ನೀರು ಬದಲಿಸಬೇಕಾಯಿತು, ಅದು ಸೋಡಾದ ದಂಡ.

ಆರನೇ ವಾರ ಎರಡು ಕ್ಲೌನ್ ಮೀನು ಬಂದವು. ದಿನಕ್ಕೆ ಒಂದೂವರೆ ಲೀಟರ್ ನೀರು ಆರುತ್ತದೆ. ಉಪ್ಪು ಆರುವುದಿಲ್ಲವಲ್ಲ, ಹಾಗಾಗಿ ಗಾಜಿನ ಮೇಲಿನ ಗೆರೆಯವರೆಗೆ ಬರೀ ಆರ್‌ಓ ನೀರು ತುಂಬುತ್ತೇನೆ. ಕಿಟಕಿ ರಾತ್ರಿ ತೆರೆದೇ ಇರುತ್ತದೆ. ಅದಕ್ಕೆ ಹಾಕಿಸಿದ ಸೊಳ್ಳೆ ಜಾಲರಿಯ ಖರ್ಚನ್ನು ಹೆಂಡತಿ ತೊಟ್ಟಿಯ ಲೆಕ್ಕಕ್ಕೇ ಬರೆದಿದ್ದಾಳೆ.