ಬಂಡೀಪುರಕ್ಕೆ ಬೈಕಿನಲ್ಲಿ ಹೋಗುವವರಿಗೆ ಒಂದು ಸಲಹೆ

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ಮಾರ್ಗವಾಗಿ ಬಂಡೀಪುರಕ್ಕೆ ಸುಮಾರು 80 ಕಿಲೋಮೀಟರ್ ದೂರವಿದ್ದು, ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮುನ್ನವೇ ಕಾಡು ತಲುಪಬಹುದು. ಆದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅರಣ್ಯದೊಳಗಿನ ಹೆದ್ದಾರಿಯಲ್ಲಿ ವಾಹನ ಸಂಚಾರಕ್ಕೆ ನಿಷೇಧವಿರುವುದರಿಂದ, ಮರಳುವ ಸಮಯವನ್ನೇ ಮೊದಲು ನಿಗದಿಪಡಿಸಿಕೊಂಡು, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು. ಪೆಟ್ರೋಲನ್ನು ಗುಂಡ್ಲುಪೇಟೆಯಲ್ಲೇ ತುಂಬಿಸಿಕೊಳ್ಳಿ.

ಹಂಗಳದ ಬಳಿ ತಿರುಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವುದಾದರೆ, ಬೈಕನ್ನು ತಪ್ಪಲಿನಲ್ಲೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕಾಗುತ್ತದೆ. ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ.

ಕಾಡಿನ ರಸ್ತೆಯಲ್ಲಿ ಹಂಪುಗಳು ಬಹಳ. ಹಿಂದೆ ಕುಳಿತವರ ಬೆನ್ನಿಗೆ ಅವು ಶಿಕ್ಷೆಯೇ ಆದರೂ, ಪೊದೆಯ ಮರೆಯಿಂದ ದಿಢೀರನೆ ಜಿಂಕೆ ಜಿಗಿದಾಗ ನಿಧಾನಗತಿಯೇ ನಮ್ಮನ್ನು ಕಾಯುತ್ತದೆ ಎಂಬುದನ್ನು ನಾನು ಬ್ರೇಕ್ ಒತ್ತಿ, ಹಿಂಚಕ್ರ ಜಾರಿದ ಆ ಕ್ಷಣದಲ್ಲಿ ಅರಿತೆ. ರಸ್ತೆ ಬದಿಯಲ್ಲಿ ಆನೆ ಕಂಡರೆ ಸಾಕಷ್ಟು ದೂರದಲ್ಲೇ ನಿಂತು, ಹಾರ್ನ್ ಮಾಡದೆ, ಕೆಳಗಿಳಿಯದೆ, ಅದು ದಾಟುವವರೆಗೆ ಕಾಯಿರಿ. ಫೋಟೊ ತೆಗೆಯಲು ಹತ್ತಿರ ಹೋಗುವುದು ಶುದ್ಧ ಮೂರ್ಖತನ. ಮುಂದೆ ಮಸಿನಗುಡಿ ದಾಟಿ ಊಟಿಗೆ ಹೋಗುವವರು ನೀಲಗಿರಿ ಜಿಲ್ಲೆಯ ಇ-ಪಾಸ್ (ವಾಹನ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ) ನಿಯಮವನ್ನು ಹೊರಡುವ ಮುನ್ನವೇ ನೋಡಿಕೊಳ್ಳಿ.