ವಿಚ್ಛೇದನದ ಅರ್ಜಿ: ವಕೀಲರ ಆಯ್ಕೆಯಿಂದ ತೀರ್ಪಿನ ನಕಲಿನವರೆಗೆ

ನೂರು ರೂಪಾಯಿ ಛಾಪಾ ಕಾಗದದ ಮೇಲೆ ‘ಇಂದಿನಿಂದ ನಮ್ಮಿಬ್ಬರಿಗೂ ಸಂಬಂಧವಿಲ್ಲ’ ಎಂದು ಬರೆಸಿ, ಊರಿನ ನಾಲ್ಕು ಹಿರಿಯರ ಸಹಿ ಹಾಕಿಸಿ, ನೋಟರಿ ಮುದ್ರೆ ಒತ್ತಿಸಿದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಹತ್ತು ವರ್ಷ ಬೇರೆ ಬೇರೆ ಮನೆಯಲ್ಲಿದ್ದರೂ ತಾನಾಗಿ ಮುರಿಯುವುದಿಲ್ಲ. ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ನಡೆದುಬಂದಿರುವ ಸೋಡಚೀಟಿಯಂಥ ರೂಢಿಗತ ಬಿಡುಗಡೆಗೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಜಾಗ ಬಿಟ್ಟಿದೆ ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ತಲೆತಲಾಂತರದಿಂದ ಇದೆ ಎಂದು ಸಾಕ್ಷಿ ಸಮೇತ ರುಜುವಾತು ಮಾಡುವ ಹೊರೆ ಅದನ್ನು ಹೇಳಿಕೊಳ್ಳುವವರದೇ. ಅದಾಗದಿದ್ದರೆ ಎರಡನೇ ಮದುವೆ ಅಸಿಂಧು, ಮೇಲೆ ದ್ವಿಪತ್ನಿತ್ವದ ಕ್ರಿಮಿನಲ್ ಕೇಸು. ನ್ಯಾಯಾಲಯದ ಡಿಕ್ರಿಯೇ, ಅಂದರೆ ಮದುವೆ ಮುರಿದಿದೆ ಎಂಬ ಅಧಿಕೃತ ಆದೇಶವೇ, ಸುರಕ್ಷಿತ ದಾರಿ.

ಇಲ್ಲಿ ಹೇಳುತ್ತಿರುವುದು 1955ರ ಹಿಂದೂ ವಿವಾಹ ಕಾಯ್ದೆಯಡಿ ಕರ್ನಾಟಕದಲ್ಲಿ ನಡೆಯುವ ಕ್ರಮ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ರಿಜಿಸ್ಟರ್ ಮದುವೆಯಾದ ಅಂತರಧರ್ಮೀಯರಿಗೆ 1954ರ ವಿಶೇಷ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಮುಸ್ಲಿಮರ ನಿಯಮಗಳು ಬೇರೆ.

ಮೊದಲ ತೀರ್ಮಾನ: ಒಪ್ಪಿಗೆಯೋ, ಹೋರಾಟವೋ

ವಕೀಲರ ಕಚೇರಿಗೆ ಹೋಗುವ ಮೊದಲೇ ಯೋಚಿಸಬೇಕಾದದ್ದು ಇದು. 13ಬಿ ಕಲಂ ಅಡಿ ಇಬ್ಬರೂ ಒಪ್ಪಿ ಹಾಕುವ ಜಂಟಿ ಅರ್ಜಿಗೆ ಕಾರಣಗಳನ್ನು ರುಜುವಾತು ಮಾಡಬೇಕಿಲ್ಲ. ಒಂದು ವರ್ಷದಿಂದ ದಂಪತಿಯಾಗಿ ಬಾಳಿಲ್ಲ, ಒಟ್ಟಿಗಿರಲು ಆಗುತ್ತಿಲ್ಲ, ಬೇರೆಯಾಗಲು ಇಬ್ಬರಿಗೂ ಒಪ್ಪಿಗೆ ಇದೆ, ಇಷ್ಟು ಸಾಕು. 13ನೇ ಕಲಂ ಅಡಿಯ ಅರ್ಜಿಯಲ್ಲಿ ಹಾಗಲ್ಲ. ಕ್ರೌರ್ಯ, ಅನೈತಿಕ ಸಂಬಂಧ, ಅರ್ಜಿಗೆ ಹಿಂದಿನ ಸತತ ಎರಡು ವರ್ಷಗಳ ಪರಿತ್ಯಾಗ, ಮತಾಂತರ, ವಾಸಿಯಾಗದ ಮಾನಸಿಕ ಅಸ್ವಸ್ಥತೆ, ಏಳು ವರ್ಷ ಸುಳಿವೇ ಇಲ್ಲದಿರುವುದು ಮೊದಲಾದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತು ಮಾಡಬೇಕು. ‘ಮದುವೆ ಸರಿಪಡಿಸಲಾಗದಷ್ಟು ಹದಗೆಟ್ಟಿದೆ’ ಎಂಬುದು ಈ ಕಾಯ್ದೆಯಲ್ಲಿ ಕಾರಣವೇ ಅಲ್ಲ. ಆ ಆಧಾರದ ಮೇಲೆ ಸಂವಿಧಾನದ 142ನೇ ವಿಧಿ ಬಳಸಿ ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಖಚಿತಪಡಿಸುವಾಗಲೇ, ಇದಕ್ಕಾಗಿ ಯಾರೂ ನೇರವಾಗಿ ರಿಟ್ ಹಾಕಿಕೊಂಡು ಬರುವಂತಿಲ್ಲ ಎಂದೂ ಹೇಳಿದೆ.

ಮದುವೆಯಾಗಿ ಒಂದು ವರ್ಷ ತುಂಬದೆ ಅರ್ಜಿ ಹಾಕುವಂತಿಲ್ಲ. ಅಸಾಧಾರಣ ಕಷ್ಟವಿದ್ದರೆ 14ನೇ ಕಲಂ ಅಡಿ ಮೊದಲು ಅನುಮತಿ ಕೇಳಬಹುದು, ಸುಲಭಕ್ಕೆ ಸಿಗುವುದಲ್ಲ.

ಎದುರು ಕಡೆಯವರು ಒಪ್ಪುವ ಸಾಧ್ಯತೆ ಕಾಲು ಭಾಗ ಇದ್ದರೂ ಮೊದಲು ಆ ಬಾಗಿಲನ್ನೇ ತಟ್ಟಬೇಕು. ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲೇ ಬರೆದಿದೆ, ಆದರೆ ಹೋರಾಟದ ಕೇಸುಗಳು ವರ್ಷಗಟ್ಟಲೆ ನಡೆಯುತ್ತವೆ.

ಯಾವ ಊರಿನ ಕೋರ್ಟು?

ಮದುವೆ ನಡೆದ ಜಾಗ, ಗಂಡಹೆಂಡತಿ ಕೊನೆಯದಾಗಿ ಒಟ್ಟಿಗಿದ್ದ ಜಾಗ, ಎದುರುದಾರರು ಈಗ ಇರುವ ಜಾಗ, ಈ ಮೂರರಲ್ಲಿ ಎಲ್ಲಿಯಾದರೂ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ತಾನೀಗ ಇರುವ ಊರಿನಲ್ಲೂ ಹಾಕಬಹುದು. 2003ರ ತಿದ್ದುಪಡಿ ಕೊಟ್ಟ ಹಕ್ಕು ಇದು. ಕೌಟುಂಬಿಕ ನ್ಯಾಯಾಲಯ ಇರುವ ಊರಲ್ಲಿ ಅಲ್ಲಿಗೆ, ಇಲ್ಲದ ತಾಲ್ಲೂಕಿನಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಕ್ಕೆ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯಗಳಿರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ ಇದೆ.

ಇಲ್ಲಿ ಒಂದು ಜಾಣತನ ಆಗಾಗ ಕೈಕೊಡುತ್ತದೆ. ಮದುವೆ ಮಂಡ್ಯದಲ್ಲಿ, ಸಂಸಾರ ಬೆಂಗಳೂರಿನಲ್ಲಿ, ಹೆಂಡತಿ ಈಗ ಶಿವಮೊಗ್ಗದ ತವರಿನಲ್ಲಿ ಎಂದುಕೊಳ್ಳಿ. ಅವಳಿಗೆ ಓಡಾಟ ಕಷ್ಟವಾಗಲಿ ಎಂದು ಗಂಡ ಮಂಡ್ಯದಲ್ಲಿ ಅರ್ಜಿ ಹಾಕುತ್ತಾನೆ. ಅವಳು ಕೇಸನ್ನು ಶಿವಮೊಗ್ಗಕ್ಕೆ ವರ್ಗಾಯಿಸುವಂತೆ ಹೈಕೋರ್ಟಿಗೆ ಹೋಗುತ್ತಾಳೆ, ಹೊರರಾಜ್ಯದಲ್ಲಿದ್ದರೆ ಸುಪ್ರೀಂ ಕೋರ್ಟಿಗೆ. ಹೆಂಡತಿಯ, ಅದರಲ್ಲೂ ಮಗುವಿರುವ ತಾಯಿಯ ಅನನುಕೂಲವನ್ನು ಇಂಥ ಅರ್ಜಿಗಳಲ್ಲಿ ಕೋರ್ಟು ಹೆಚ್ಚಾಗಿ ಮನ್ನಿಸುತ್ತದೆ. ಅಲ್ಲಿಯವರೆಗೆ ಮೂಲ ಕೇಸು ಅಲ್ಲಾಡುವುದಿಲ್ಲ. ನಷ್ಟ ಅರ್ಜಿದಾರನದೇ.

ವಕೀಲರನ್ನು ಹುಡುಕುವುದು

ಕೇಸು ನಡೆಯುವ ಕೋರ್ಟಿನಲ್ಲೇ ದಿನನಿತ್ಯ ಕೌಟುಂಬಿಕ ಪ್ರಕರಣ ನಡೆಸುವವರು ಬೇಕು. ಹೈಕೋರ್ಟಿನ ದೊಡ್ಡ ಹೆಸರಿನವರನ್ನು ಹಿಡಿದರೆ ತಾಲ್ಲೂಕು ಕೋರ್ಟಿಗೆ ಬರುವುದು ಅವರ ಜೂನಿಯರ್, ಅವರೂ ವಾಯಿದೆ (ಮುಂದಿನ ದಿನಾಂಕ) ಕೇಳಲಿಕ್ಕೆ. ಸ್ಥಳೀಯರಾದರೆ ಯಾವ ನ್ಯಾಯಾಧೀಶರು ಸಾಕ್ಷ್ಯದ ದಿನ ಮುಂದೂಡಿಕೆ ಕೊಡುವುದಿಲ್ಲ, ನೋಟಿಸ್ ಜಾರಿಯಾಗದೆ ಎಲ್ಲಿ ನಿಂತಿದೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ.

ಕೋರ್ಟಿನ ಗೇಟಿನಲ್ಲೇ ‘ಡೈವೋರ್ಸ್ ಕೇಸಾ ಸಾರ್?’ ಎಂದು ಹತ್ತಿರ ಬರುವವರಿಂದಲೂ, ‘ಮೂರು ತಿಂಗಳಲ್ಲಿ ಗ್ಯಾರಂಟಿ’ ಎಂಬ ಜಾಹೀರಾತಿನಿಂದಲೂ ದೂರವಿರಿ. ವಕೀಲರು ಕೆಲಸಕ್ಕಾಗಿ ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ‘ಬಂದ ಜೀವನಾಂಶದಲ್ಲಿ ಇಷ್ಟು ಪಾಲು’ ಎಂದು ಫಲಿತಾಂಶಕ್ಕೆ ಕಟ್ಟಿದ ಶುಲ್ಕ ಕೇಳುವುದೂ ನಿಷಿದ್ಧ. ಅನುಮಾನವಿದ್ದರೆ ಅವರ ನೋಂದಣಿ ಸಂಖ್ಯೆ ಕೇಳಿ. ಕರ್ನಾಟಕದಲ್ಲಿ ನೋಂದಾಯಿಸಿದವರದು ‘ಕೆಎಆರ್’ ಅಕ್ಷರಗಳಿಂದ ಶುರುವಾಗಿ ಕ್ರಮಸಂಖ್ಯೆ, ವರ್ಷ ಇರುತ್ತದೆ; ರಾಜ್ಯ ವಕೀಲರ ಪರಿಷತ್ತಿನಲ್ಲಿ ತಾಳೆ ನೋಡಬಹುದು.

ಮೊದಲ ಭೇಟಿಯಲ್ಲಿ ಕೇಳಬೇಕಾದವು: ನನ್ನ ಸಂಗತಿಗೆ ಯಾವ ಕಲಂ ಹೊಂದುತ್ತದೆ, ಯಾಕೆ? ಪಾಟಿ ಸವಾಲು (ಎದುರು ಕಡೆಯ ಸಾಕ್ಷಿಗಳನ್ನು ಪ್ರಶ್ನಿಸುವುದು) ನೀವೇ ಮಾಡುತ್ತೀರಾ, ಜೂನಿಯರ್ ಮಾಡುತ್ತಾರಾ? ಶುಲ್ಕ ಇಡಿಯಾಗಿಯೋ, ಹಾಜರಾತಿಗೆ ಇಷ್ಟು ಎಂದೋ? ಮಧ್ಯಂತರ ಅರ್ಜಿಗೆ (ಕೇಸು ನಡೆಯುತ್ತಿರುವಾಗಲೇ ಹಾಕುವ ಅರ್ಜಿ), ಮೇಲ್ಮನವಿಗೆ ಬೇರೆಯೇ? ಹಾಜರಾತಿ ಲೆಕ್ಕದ ಶುಲ್ಕ ಮೊದಲಿಗೆ ಅಗ್ಗ ಕಾಣುತ್ತದೆ, ಆದರೆ ವಾಯಿದೆ ಬಿದ್ದಷ್ಟೂ ನೀವು ತೆರುತ್ತೀರಿ. ಅರ್ಜಿ ಹಾಕುವಾಗ ಒಂದು ಕಂತು, ಸಾಕ್ಷ್ಯ ಶುರುವಾದಾಗ ಒಂದು, ವಾದದ ಹೊತ್ತಿಗೆ ಒಂದು ಎಂದು ಹಂತಕ್ಕೆ ಕಟ್ಟಿದ ಶುಲ್ಕ ಒಳ್ಳೆಯದು. ಬ್ಯಾಂಕ್ ಮೂಲಕ ಕೊಟ್ಟು ರಸೀದಿ ಪಡೆಯಿರಿ. ಕೋರ್ಟ್ ಶುಲ್ಕ ಇದರ ಮುಂದೆ ಅಲ್ಪವೇ.

ಖಾಲಿ ಹಾಳೆಗೆ ಸಹಿ ಹಾಕಬೇಡಿ; ನಿಮ್ಮ ಪರ ವಾದಿಸಲು ವಕೀಲರಿಗೆ ಕೊಡುವ ಅಧಿಕಾರಪತ್ರವಾದ ವಕಾಲತ್ತಿಗೂ ಅಷ್ಟೆ, ಹೆಸರು ತುಂಬಿದ ಮೇಲೆ ಸಹಿ. ವಕೀಲರು ಸರಿಹೋಗದಿದ್ದರೆ ಬದಲಿಸಬಹುದು, ಹಳಬರ ನಿರಾಕ್ಷೇಪಣೆ ಪಡೆದು ಹೊಸಬರು ವಕಾಲತ್ತು ಹಾಕುತ್ತಾರೆ. ಶುಲ್ಕ ಬಾಕಿ ಇದೆಯೆಂದು ಹಳಬರು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಒಪ್ಪಿಗೆಯ ಕೇಸಿನಲ್ಲಿ ಇಬ್ಬರಿಗೂ ಒಬ್ಬರೇ ವಕೀಲರು ಸಾಕು ಎಂಬ ಮಾತು ಬರುತ್ತದೆ. ದುಡ್ಡು, ಮನೆ, ಮಗು ಯಾವುದಾದರೂ ನಡುವೆ ಇದ್ದರೆ ಈ ಉಳಿತಾಯ ಬೇಡ.

ಹಣವಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಪ್ರತಿ ತಾಲ್ಲೂಕು ಕೋರ್ಟಿನ ಆವರಣದಲ್ಲೂ ಅದರ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100.

ಕಾಗದಪತ್ರ, ಸಾಕ್ಷ್ಯ

ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿಯಾಗಿದ್ದರೆ ಅದರ ಪ್ರಮಾಣಪತ್ರ, ಇಬ್ಬರ ವಿಳಾಸದ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ. ಮದುವೆ ನೋಂದಣಿಯಾಗಿಲ್ಲ ಎಂದು ಅರ್ಜಿ ತಿರಸ್ಕಾರವಾಗುವುದಿಲ್ಲ, ಪತ್ರಿಕೆ ಮತ್ತು ಫೋಟೊ ಸಾಕಾಗುತ್ತವೆ. ಜೀವನಾಂಶದ ಪ್ರಶ್ನೆ ಬಂದರೆ ಸಂಬಳದ ಚೀಟಿ, ಆದಾಯ ತೆರಿಗೆ ವಿವರ, ಬ್ಯಾಂಕ್ ಪಾಸ್‌ಬುಕ್ ಬೇಕು. 2020ರ ನವೆಂಬರ್‌ನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದ ತೀರ್ಪು ಬಂದ ಮೇಲೆ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರವಿರುವ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಸಲ್ಲಿಸುವುದು ಕಡ್ಡಾಯ. ಕೇಸಿಗೆ ಮುಂಚೆ ಹೊಲವನ್ನು ತಮ್ಮನ ಹೆಸರಿಗೆ ಮಾಡಿ ‘ನನಗೇನೂ ಇಲ್ಲ’ ಎಂದು ಬರೆದುಕೊಡುವವರಿಗೆ ಪಾಟಿ ಸವಾಲಿನಲ್ಲಿ ಪಹಣಿ ಎದುರಾಗುತ್ತದೆ.

ಕ್ರೌರ್ಯದ ಅರ್ಜಿಗಳು ಬೀಳುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ‘ದಿನಾ ಕಿರುಕುಳ ಕೊಡುತ್ತಿದ್ದರು’ ಎಂದು ಬರೆದಿರುತ್ತದೆ. ಯಾವಾಗ, ಎಲ್ಲಿ, ಯಾರ ಮುಂದೆ ಎಂಬುದಿರುವುದಿಲ್ಲ. ಘಟನೆಗಳನ್ನು ತಿಂಗಳು, ವರ್ಷ, ಜಾಗದ ಸಮೇತ ಬರೆದು ವಕೀಲರಿಗೆ ಕೊಡಿ. ಅರ್ಜಿಯಲ್ಲಿಲ್ಲದ ಸಂಗತಿಯನ್ನು ಸಾಕ್ಷಿಕಟ್ಟೆಯಲ್ಲಿ ಹೇಳಿದರೆ ‘ಆಮೇಲೆ ಹುಟ್ಟಿಸಿಕೊಂಡದ್ದು’ ಎನ್ನುತ್ತಾರೆ. ಜಗಳದ ನಂತರ ರಾಜಿಯಾಗಿ ಮತ್ತೆ ಒಟ್ಟಿಗಿದ್ದರೆ ಹಳೆಯ ಕ್ರೌರ್ಯವನ್ನು ಕ್ಷಮಿಸಿದಂತೆ ಎಂಬ ವಾದ ಬರುತ್ತದೆ. ಆಮೇಲೂ ಏನಾಯಿತು ಎಂಬುದನ್ನು ತಪ್ಪದೆ ಸೇರಿಸಿ.

ವಾಟ್ಸ್ಆ್ಯಪ್ ಸಂದೇಶ, ಧ್ವನಿಮುದ್ರಣಕ್ಕೆ ವಿದ್ಯುನ್ಮಾನ ದಾಖಲೆಗೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟು ಸಾಲದು. ಮೂಲ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ. ಸಂಗಾತಿಗೆ ತಿಳಿಯದಂತೆ ಮಾಡಿದ ಕರೆಯ ಮುದ್ರಣವನ್ನೂ ವೈವಾಹಿಕ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿ ಹಾಕಿದ ಮೇಲೆ

ಅರ್ಜಿಗೆ ಎಂ.ಸಿ. (ವೈವಾಹಿಕ ಪ್ರಕರಣ) ಸಂಖ್ಯೆ ಬೀಳುತ್ತದೆ. ಜೊತೆಗೆ ಸಿಗುವ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ, ಹಿಂದಿನ ಆದೇಶ ನಿಮಗೇ ಕಾಣುತ್ತದೆ.

ಮುಂದಿನ ಹೆಜ್ಜೆ ನೋಟಿಸ್, ವಿಳಂಬ ಮೊದಲು ಹುಟ್ಟುವುದೂ ಇಲ್ಲೇ. ನೋಟಿಸ್ ಕಳುಹಿಸಲು ಕೋರ್ಟಿಗೆ ಕಟ್ಟುವ ಪ್ರೊಸೆಸ್ ಶುಲ್ಕವನ್ನು (ಪಿ.ಎಫ್.) ಕಟ್ಟದೆ ಬಿಟ್ಟರೆ ನೋಟಿಸ್ ಹೊರಡುವುದೇ ಇಲ್ಲ, ಆ್ಯಪ್‌ನಲ್ಲಿ ‘ಪಿ.ಎಫ್. ಕಟ್ಟಿಲ್ಲ’ ಎಂದು ಕಂಡರೆ ವಕೀಲರನ್ನು ಕೇಳಿ. ಎದುರುದಾರರಿಗೆ ಗೊತ್ತಾಗದಿರಲಿ ಎಂದು ಹಳೆಯ ವಿಳಾಸ ಕೊಟ್ಟು ಅವರ ಗೈರಿನಲ್ಲೇ ಏಕಪಕ್ಷೀಯ ಡಿಕ್ರಿ ಪಡೆಯುವವರಿದ್ದಾರೆ. ನೋಟಿಸ್ ಸರಿಯಾಗಿ ತಲುಪದಿದ್ದವರು ಡಿಕ್ರಿಯ ವಿಷಯ ತಿಳಿದ 30 ದಿನದೊಳಗೆ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು. ಅಷ್ಟರಲ್ಲಿ ನೀವು ಮರುಮದುವೆಯಾಗಿದ್ದರೆ ಪರಿಸ್ಥಿತಿ ಊಹಿಸಿಕೊಳ್ಳಿ.

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರು ಹಾಜರಾಗುವುದು ಹಕ್ಕಲ್ಲ, ಅನುಮತಿ. ಸಾಮಾನ್ಯವಾಗಿ ಅನುಮತಿ ಸಿಗುತ್ತದೆ, ಆದರೆ ಕಕ್ಷಿದಾರರು ಖುದ್ದಾಗಿ ಬರಬೇಕೆಂದು ಕೋರ್ಟು ಬಯಸುತ್ತದೆ. ಸಂಧಾನಕ್ಕೆ ಕಳುಹಿಸಿದಾಗ ‘ಸುಮ್ಮನೆ ಒಂದು ಶಾಸ್ತ್ರ’ ಎಂದು ತಪ್ಪಿಸಿಕೊಳ್ಳಬೇಡಿ. ಹೋರಾಟವಾಗಿ ಶುರುವಾದ ಕೇಸು ಒಪ್ಪಿಗೆಯ ವಿಚ್ಛೇದನವಾಗಿ ತಿರುಗುವುದು ಬಹುಪಾಲು ಆ ಕೋಣೆಯಲ್ಲೇ.

ಸಂಧಾನ ಫಲಿಸದಿದ್ದರೆ ಎದುರುದಾರರ ಲಿಖಿತ ತಕರಾರು, ಬಳಿಕ ಅಫಿಡವಿಟ್ ರೂಪದಲ್ಲಿ ಮುಖ್ಯ ವಿಚಾರಣೆ (ತಮ್ಮ ಕಡೆಯ ಸಾಕ್ಷಿ ಹೇಳಿಕೆ), ಪಾಟಿ ಸವಾಲು, ವಾದ, ತೀರ್ಪು. ಈ ನಡುವೆ ಜೀವನಾಂಶ ಮತ್ತು ಕೇಸಿನ ಖರ್ಚಿಗೆ 24ನೇ ಕಲಂ ಅಡಿ ಮಧ್ಯಂತರ ಅರ್ಜಿ ಹಾಕಬಹುದು, ಆದಾಯವಿಲ್ಲದ ಗಂಡನೂ ಹಾಕಬಹುದು. ನೋಟಿಸ್ ಜಾರಿಯಾದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥ ಮಾಡಬೇಕು ಎನ್ನುತ್ತದೆ ಕಾಯ್ದೆ. ಮಧ್ಯಂತರ ಮೊತ್ತವನ್ನು ಬಾಕಿ ಉಳಿಸಿಕೊಂಡವರ ಮೂಲ ಕೇಸೂ ನಿಂತುಹೋಗಬಹುದು.

ಒಪ್ಪಿಗೆಯ ಅರ್ಜಿ: ಕರಾರಿನಲ್ಲೇ ಎಲ್ಲ

ಜಂಟಿ ಅರ್ಜಿ ಹಾಕಿದ ದಿನದಿಂದ ಆರು ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಈ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆಯಾಗಿ ಒಂದೂವರೆ ವರ್ಷ ಕಳೆದಿರಬೇಕು, ಸಂಧಾನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ವಿಷಯ ಬಗೆಹರಿದಿರಬೇಕು. ಮನ್ನಾ ಅರ್ಜಿಯನ್ನು ಮೊದಲ ಹಾಜರಾತಿಯ ಒಂದು ವಾರದ ಬಳಿಕ ಹಾಕಬಹುದು.

ಡಿಕ್ರಿ ಆಗುವ ಕ್ಷಣದವರೆಗೂ ಯಾರಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಇಡೀ ಮೊತ್ತವನ್ನು ಮೊದಲೇ ಕೊಡಬೇಡಿ, ಇಡೀ ಮೊತ್ತವನ್ನು ಆಮೇಲೆ ಪಡೆಯುತ್ತೇನೆಂದೂ ಒಪ್ಪಬೇಡಿ. ಅರ್ಧ ಮೊದಲ ಹಾಜರಾತಿಗೆ, ಅರ್ಧ ಕೊನೆಯ ದಿನ ನ್ಯಾಯಾಧೀಶರ ಮುಂದೆಯೇ ಡಿಡಿ ಮೂಲಕ, ಇದು ಚಾಲ್ತಿಯಲ್ಲಿರುವ ಪದ್ಧತಿ. ಡಿಡಿ ಸಂಖ್ಯೆ ಆದೇಶದಲ್ಲಿ ನಮೂದಾಗಲಿ.

ಕರಾರಿನಲ್ಲಿ ಜನ ಮರೆಯುವುದು ಮೂರು ಸಂಗತಿ. ಒಂದು, ವರದಕ್ಷಿಣೆ ಕಿರುಕುಳದ ಕೇಸು. ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ರಾಜಿಯಾಗುವ ಅಪರಾಧವಲ್ಲ. ‘ವಾಪಸ್ ತೆಗೆದುಕೊಳ್ಳುತ್ತೇನೆ’ ಎಂದು ಬರೆದರೆ ಮುಗಿಯದು. ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ರದ್ದತಿ ಅರ್ಜಿ ಹಾಕಬೇಕು, ದೂರುದಾರರು ಅಲ್ಲಿಗೂ ಬಂದು ಸಹಕರಿಸುತ್ತಾರೆ ಎಂಬ ಷರತ್ತು ಕರಾರಿನಲ್ಲಿರಬೇಕು. ಎರಡು, ಜಂಟಿ ಗೃಹಸಾಲ. ಕಂತು ಇನ್ನು ಮೇಲೆ ಒಬ್ಬರದೇ ಎಂದು ನೀವು ಬರೆದುಕೊಂಡರೆ ಬ್ಯಾಂಕು ಅದಕ್ಕೆ ಬದ್ಧವಲ್ಲ, ಕಂತು ತಪ್ಪಿದರೆ ಇಬ್ಬರನ್ನೂ ಹಿಡಿಯುತ್ತದೆ. ಸಾಲದಿಂದ ಹೆಸರು ತೆಗೆಸುವುದಕ್ಕೆ ಬ್ಯಾಂಕಿನ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಮೂರು, ಮಗುವಿನ ಭೇಟಿ. ‘ತಂದೆ ಆಗಾಗ ನೋಡಬಹುದು’ ಎಂಬ ಸಾಲು ಮುಂದಿನ ಕೇಸಿನ ಬೀಜ. ಯಾವ ಶನಿವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಕರೆದೊಯ್ಯುವುದು ಯಾರು, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಎಷ್ಟು ದಿನ, ಶಾಲಾ ಶುಲ್ಕ ಯಾರದು, ಪಾಸ್‌ಪೋರ್ಟಿಗೆ ಸಹಿ ಯಾರದು, ಎಲ್ಲ ಬರೆಯಿರಿ. ಮಗುವಿನ ಹಿತಕ್ಕೆ ಬೇಕಾದರೆ ಕೋರ್ಟು ಇವನ್ನು ಮುಂದೆಯೂ ಬದಲಿಸಬಹುದು.

ವಿದೇಶದಲ್ಲಿರುವವರು ಅಲ್ಲಿನ ಕೋರ್ಟಿನಲ್ಲಿ ವಿಚ್ಛೇದನ ಪಡೆದರೆ ಇಲ್ಲಿ ತಾನಾಗಿ ಊರ್ಜಿತವಾಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಎದುರುದಾರರು ಒಪ್ಪಿ ಭಾಗವಹಿಸದೆ ಬಂದ ಡಿಕ್ರಿಯನ್ನು ಇಲ್ಲಿ ಮಾನ್ಯ ಮಾಡುವುದಿಲ್ಲ ಎಂಬುದು 1991ರಿಂದಲೂ ಇರುವ ನಿಲುವು. ಇಲ್ಲೇ ಜಂಟಿ ಅರ್ಜಿ ಹಾಕುವುದಾದರೆ ಹತ್ತಿರದ ಸಂಬಂಧಿಗೆ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ವಿಶೇಷ ಅಧಿಕಾರಪತ್ರ ಕೊಟ್ಟು, ಹೇಳಿಕೆಯನ್ನು ವಿಡಿಯೊ ಕಾನ್ಫರೆನ್ಸ್ ಮೂಲಕ ದಾಖಲಿಸಲು ಅನುಮತಿ ಕೇಳಬಹುದು.

ಡಿಕ್ರಿ ಕೈಗೆ ಬಂದ ಮೇಲೆ

ತೀರ್ಪು ಹೇಳಿದ ದಿನವೇ ನಕಲು ಅರ್ಜಿ ಹಾಕಿ, ದೃಢೀಕೃತ ಪ್ರತಿಗಳನ್ನು ಎರಡು ಮೂರು ತೆಗೆಸಿಡಿ. ಪಾಸ್‌ಪೋರ್ಟ್ ಕಚೇರಿಯಿಂದ ಹಿಡಿದು ಮರುಮದುವೆಯ ನೋಂದಣಿಯವರೆಗೆ ಎಲ್ಲ ಕಡೆ ಇದನ್ನೇ ಕೇಳುತ್ತಾರೆ, ಜೆರಾಕ್ಸ್ ಒಪ್ಪುವುದಿಲ್ಲ. ಹೋರಾಟದ ಕೇಸಿನಲ್ಲಿ ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಮೇಲ್ಮನವಿ ಹಾಕಿದ್ದರೆ ಅದು ವಜಾ ಆಗುವವರೆಗೆ ಮರುಮದುವೆ ಬೇಡ. ಹಿಂದೂ ವಿವಾಹ ಕಾಯ್ದೆ ಮೇಲ್ಮನವಿಗೆ 90 ದಿನ ಎನ್ನುತ್ತದೆ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 30 ದಿನ ಎನ್ನುತ್ತದೆ. ಮೇಲ್ಮನವಿ ಹಾಕುವವರು ಮೂವತ್ತನ್ನೂ, ಮರುಮದುವೆಯಾಗುವವರು ತೊಂಬತ್ತನ್ನೂ ಲೆಕ್ಕಕ್ಕೆ ಹಿಡಿದರೆ ತೊಂದರೆಯಿಲ್ಲ. ಬ್ಯಾಂಕ್ ಖಾತೆ, ವಿಮೆ, ಭವಿಷ್ಯನಿಧಿಗೆ ಕೊಟ್ಟ ನಾಮನಿರ್ದೇಶನಗಳನ್ನು ಕೋರ್ಟು ಬದಲಿಸುವುದಿಲ್ಲ. ಒಂದೊಂದು ಕಚೇರಿಗೂ ನೀವೇ ಅರ್ಜಿ ಕೊಟ್ಟು ಬದಲಿಸಬೇಕು, ಪಡಿತರ ಚೀಟಿಯಲ್ಲಿ ಹೆಸರು ಬೇರ್ಪಡಿಸುವುದೂ ಹಾಗೆಯೇ.