ಕೂಳೆ ಕೀಳದೆ ಹೈಜಾಕರ್ ಹೋಗಲ್ಲ: ನನ್ನ ಅನುಭವ

ಮಂಡ್ಯದ ಅಶೋಕನಗರದಲ್ಲಿರುವ ಒಬ್ಬ ನಿವೃತ್ತ ಮೇಷ್ಟ್ರ ಕಂಪ್ಯೂಟರ್‌ಗೆ ಒಂದೇ ವರ್ಷದಲ್ಲಿ ಮೂರು ಸಲ ಫಾರ್ಮ್ಯಾಟ್ ಹೊಡೆದೆ, ಅಂದರೆ ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಮೊದಲ ಸಲ ಐನೂರು ರೂಪಾಯಿ ಇಸ್ಕೊಂಡೆ. ಎರಡನೇ ಸಲ ಇನ್ನೂರೈವತ್ತು. ಮೂರನೇ ಸಲ ಕೇಳುವ ಮುಖವೇ ಇರಲಿಲ್ಲ. ಕ್ರೋಮ್ ತೆರೆದರೆ ಗೂಗಲ್ ಬದಲು ಅದ್ಯಾವುದೋ ಹೆಸರಿಲ್ಲದ ಹುಡುಕು ಪುಟ, ಮೇಲೆ ನಾಲ್ಕು ಜಾಹೀರಾತು. ಬ್ರೌಸರ್ ಹೈಜಾಕರ್ ಅನ್ನುವುದು ಇದಕ್ಕೇ. ಮೇಷ್ಟ್ರು ಬೈಯಲಿಲ್ಲ. "ಏನಪ್ಪಾ, ಹೊಲ ಉತ್ತೂ ಉತ್ತೂ ಬಿತ್ತಿದ್ರೂ ಅದೇ ಕಳೆ ಬರ್ತದಲ್ಲ?" ಅಂದರು ಅಷ್ಟೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಂಪ್ಯೂಟರ್ ರಿಪೇರಿಯ ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಮಾತು: ಹೈಜಾಕರ್ ಬಂದ್ರೆ ಹೊಡಿ ಫಾರ್ಮ್ಯಾಟು, ಇಸ್ಕೊ ಕಾಸು, ಕಳ್ಸು. ನಾನು ಬೇರೆ ದಾರಿ ಹುಡುಕ್ತೀನಿ ಅಂದಾಗ ಪಕ್ಕದ ಅಂಗಡಿಯ ಗೆಳೆಯ, "ಅದನ್ನೆಲ್ಲಾ ಹುಡುಕ್ಕೊಂಡ್ ಕೂತ್ರೆ ಅಂಗ್ಡಿ ಬಾಡ್ಗೆ ಕಟ್ಟಕ್ಕಾಯ್ತದಾ ಗುರು?" ಅಂದ. ಮೈಸೂರಿನ ಸರಸ್ವತಿಪುರಂನಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರು, ನನಗಿಂತ ಹಿರಿಯರು, ಫೋನಿನಲ್ಲೇ ನಕ್ಕರು. ಈಗ ಹತ್ತಿರ ಹತ್ತಿರ ಎರಡು ವರ್ಷವಾಯಿತು. ಸುಮಾರು ನೂರಾ ನಲವತ್ತು ಯಂತ್ರಗಳಲ್ಲಿ ಈ ಕಾಟ ತೆಗೆದಿದ್ದೇನೆ. ಫಾರ್ಮ್ಯಾಟ್ ಮಾಡಲೇಬೇಕಾಗಿ ಬಂದದ್ದು ಆರೋ ಏಳೋ. ಅದಕ್ಕೇ ಬರೆಯುತ್ತಿದ್ದೇನೆ.

ಮೇಷ್ಟ್ರ ವಿಷಯ ಹೇಳಿಬಿಡುತ್ತೇನೆ. ಫಾರ್ಮ್ಯಾಟ್ ಆದಮೇಲೆ ಅವರು ಮೊದಲು ಮಾಡುತ್ತಿದ್ದ ಕೆಲಸ ಕ್ರೋಮ್‌ಗೆ ತಮ್ಮ ಜಿಮೇಲ್ ಹಾಕಿ ಸಿಂಕ್ (ಒಂದೇ ಖಾತೆಯ ಎಲ್ಲ ಯಂತ್ರಗಳಲ್ಲೂ ಬ್ರೌಸರ್ ಒಂದೇ ಥರ ಇರಿಸುವ ಸೌಲಭ್ಯ) ಆನ್ ಮಾಡುವುದು. ಅದು ತಪ್ಪಲ್ಲ, ಎಲ್ಲರೂ ಮಾಡುವುದೇ. ಆದರೆ ಆ ಖಾತೆಯೊಳಗೇ ಹೈಜಾಕರ್‌ನ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಕೊಳ್ಳುವ ಪುಟ್ಟ ಪ್ರೋಗ್ರಾಮ್, ಕೂತಿತ್ತು. ಲಾಗಿನ್ ಆದ ಐದು ನಿಮಿಷಕ್ಕೆ ತಾನಾಗಿ ಇಳಿದು ಬರುತ್ತಿತ್ತು. ಖಾತೆಯ ಸಿಂಕ್ ಡೇಟಾ ಅಳಿಸಿದೆ, ಮೂರೇ ದಿನಕ್ಕೆ ಮತ್ತೆ ಬಂತು! ಕೇಳಿದರೆ, ಬೆಂಗಳೂರಿನಲ್ಲಿರುವ ಮಗಳ ಲ್ಯಾಪ್‌ಟಾಪ್‌ನಲ್ಲೂ ಇವರದೇ ಜಿಮೇಲ್ ಇದೆ, ಬ್ಯಾಂಕಿನ ಪಾಸ್‌ವರ್ಡು ನೆನಪಿರಲಿ ಅಂತ ಅವಳೇ ಹಾಕಿಟ್ಟಿದ್ದಾಳೆ. ಎಕ್ಸ್‌ಟೆನ್ಷನ್ ಹೊಕ್ಕಿದ್ದು ಅಲ್ಲಿ. ಅಲ್ಲಿಂದ ಖಾತೆಗೆ, ಖಾತೆಯಿಂದ ಮಂಡ್ಯಕ್ಕೆ. ಕಬ್ಬು ಬೆಳೆಯುವ ಊರಿನವನು ನಾನು. ಮೇಲೆ ಕಡಿದರೆ ಕೂಳೆ ಚಿಗುರುತ್ತದೆ ಅಂತ ಗೊತ್ತಿದ್ದೂ ಮೂರು ಸಲ ಮೇಲೆ ಮೇಲೆ ಕಡಿದಿದ್ದೆ. ಮಗಳಿಗೆ ಭಾನುವಾರ ಫೋನ್ ಮಾಡಿ, ದೂರದಿಂದಲೇ ಅವಳ ಯಂತ್ರ ಮೊದಲು ತೊಳೆದು, ಆಮೇಲೆ ಸಿಂಕ್ ಪುಟದ ಕೆಳಗಿರುವ ಅಳಿಸುವ ಬಟನ್ ಒತ್ತಿ, ಕೊನೆಗೆ ಮೇಷ್ಟ್ರದ್ದು ತೊಳೆದೆ. ಅಳಿಸುವ ಮೊದಲು ಪಾಸ್‌ವರ್ಡುಗಳನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ. ಇದನ್ನು ಮರೆಯಬೇಡಿ, ಕೆಲಸ ಮುಗಿದಮೇಲೆ ಆ ಫೈಲ್ ಅಳಿಸುವುದನ್ನೂ ಮರೆಯಬೇಡಿ, ಅದರಲ್ಲಿ ಎಲ್ಲವೂ ತೆರೆದ ಅಕ್ಷರದಲ್ಲೇ ಇರುತ್ತದೆ.

ನನ್ನ ದಾರಿ ಇಷ್ಟೇ: ಬ್ರೌಸರನ್ನು ಕೊನೆಗೆ ಮುಟ್ಟುವುದು. ನಾವೆಲ್ಲ ಮೊದಲು ಎಕ್ಸ್‌ಟೆನ್ಷನ್ ತೆಗೆದು ರೀಸೆಟ್ ಒತ್ತುತ್ತೇವೆ. ಅದನ್ನು ವಾಪಸ್ ತರುವವನು ಹಿಂದೆ ಕೂತಿರುತ್ತಾನೆ, ಅವನನ್ನು ಮೊದಲು ಹಿಡಿಯಬೇಕು.

ಹಿಡಿಯುವುದಕ್ಕೆ ನಾನು ನಂಬಿರುವುದು ಗಳಿಗೆ. ಯಾವ ನಿಮಿಷಕ್ಕೆ ಬಂತು ಅನ್ನುವುದು ಸಿಕ್ಕಿದರೆ ಅರ್ಧ ಕೆಲಸ ಆದಂತೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಅನುಮಾನದ ಇನ್‌ಸ್ಟಾಲರ್ ಹುಡುಕುತ್ತೇನೆ: ಪಿಡಿಎಫ್ ಕನ್ವರ್ಟರ್, ವಿಡಿಯೋ ಡೌನ್‌ಲೋಡರ್, ಡ್ರೈವರ್ ಅಪ್‌ಡೇಟರ್, ಇವೇ ನಾಲ್ಕೈದು ಜಾತಿ. ಅದರ ಗಂಟೆ ನಿಮಿಷ ಬರೆದುಕೊಳ್ಳುತ್ತೇನೆ. ಆಮೇಲೆ ಪ್ರೋಗ್ರಾಮುಗಳು ತಮ್ಮ ಫೈಲ್ ಇಡುವ ಫೋಲ್ಡರುಗಳಾದ ಆಪ್‌ಡೇಟಾದ ಲೋಕಲ್, ರೋಮಿಂಗ್, ಹಾಗೇ ಪ್ರೋಗ್ರಾಮ್‌ಡೇಟಾ, ಮೂರನ್ನೂ ಹುಟ್ಟಿದ ದಿನಾಂಕದ ಪ್ರಕಾರ ಜೋಡಿಸಿದರೆ ಆ ಹತ್ತು ನಿಮಿಷದೊಳಗೆ ಹುಟ್ಟಿದ ಫೋಲ್ಡರುಗಳು ಸಾಲಾಗಿ ನಿಲ್ಲುತ್ತವೆ. ಹೆಸರು ಏನೇ ಇರಲಿ, ಹುಟ್ಟಿದ ಗಳಿಗೆ ಅಷ್ಟು ಸುಲಭವಾಗಿ ಮುಚ್ಚಿಡಲು ಬರುವುದಿಲ್ಲ. ಹೊತ್ತು ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲೂ ಅದೇ ನಿಮಿಷಕ್ಕೆ ಹುಟ್ಟಿದ ಟಾಸ್ಕ್ ಒಂದು ಬಹಳ ಸಲ ಸಿಗುತ್ತದೆ. ಹೆಸರು ನೋಡಿದರೆ ಸಭ್ಯಸ್ಥ, ಅಪ್‌ಡೇಟರ್ ಅಂತಿರುತ್ತದೆ. ಆಕ್ಷನ್ಸ್ ಟ್ಯಾಬ್ ತೆರೆದರೆ ಕಿಟಕಿ ತೋರಿಸದೆ ಪವರ್‌ಶೆಲ್ (ವಿಂಡೋಸ್‌ಗೆ ಆಜ್ಞೆ ಕೊಡುವ ಪ್ರೋಗ್ರಾಮ್) ಓಡಿಸುವ ಸಾಲು. ಹೊಸಹಳ್ಳಿಯ ಒಂದು ಮನೆಯಲ್ಲಿ ನಾಲ್ಕು ಗಂಟೆಗೊಮ್ಮೆ ಓಡುತ್ತಿತ್ತು. ನಾನು ಬೆಳಿಗ್ಗೆ ತೊಳೆದು ಬಂದರೆ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್. ಎರಡು ದಿನ ಪೆಟ್ರೋಲು ಸುಟ್ಟಮೇಲೆ ಇದು ತಿಳಿಯಿತು.

ಮಿಕ್ಕಿದ್ದಕ್ಕೆ ಆಟೋರನ್ಸ್, ವಿಂಡೋಸ್‌ನಲ್ಲಿ ತಾನಾಗಿ ಶುರುವಾಗುವುದನ್ನೆಲ್ಲ ಪಟ್ಟಿ ಮಾಡುವ ಮೈಕ್ರೋಸಾಫ್ಟ್ ಟೂಲ್. ಮೈಕ್ರೋಸಾಫ್ಟ್‌ನ ಸ್ವಂತ ಸಾಲುಗಳನ್ನು ಮರೆಮಾಡುವ ಆಯ್ಕೆ ಹಾಕಿದರೆ ಉಳಿಯುವುದು ಮೂವತ್ತು ನಲವತ್ತು ಸಾಲು, ಕಣ್ಣಲ್ಲೇ ಓದಬಹುದು. ಅದರೊಳಗಿನ ಡಬ್ಲ್ಯುಎಂಐ (ವಿಂಡೋಸ್ ತನ್ನನ್ನು ನಿರ್ವಹಿಸಿಕೊಳ್ಳುವ ಒಳವ್ಯವಸ್ಥೆ) ಟ್ಯಾಬನ್ನು ನಾನು ವರ್ಷಗಟ್ಟಲೆ ತೆರೆದೇ ಇರಲಿಲ್ಲ. ತಾಲೂಕು ಕಚೇರಿ ಹತ್ತಿರ ಡಿಟಿಪಿ ಮಾಡುವ ಒಬ್ಬರ ಯಂತ್ರದಲ್ಲಿ ಡೆಸ್ಕ್‌ಟಾಪಿನ ಕ್ರೋಮ್ ಶಾರ್ಟ್‌ಕಟ್‌ನ ಟಾರ್ಗೆಟ್ ಸಾಲಿನ ತುದಿಗೆ ಒಂದು ವಿಳಾಸ ಅಂಟಿಕೊಳ್ಳುತ್ತಿತ್ತು. ಅಳಿಸಿದರೆ ಅರ್ಧ ಗಂಟೆಗೆ ಮತ್ತೆ ಹಾಜರು. ಟಾಸ್ಕ್ ಇಲ್ಲ, ಸರ್ವಿಸ್ ಇಲ್ಲ, ಸ್ಟಾರ್ಟಪ್‌ನಲ್ಲಿ ಏನೂ ಇಲ್ಲ. ಡಿಸ್ಕಿನ ಮೇಲೆ ಬೇರೆ ಫೈಲೇ ಇಲ್ಲದೆ ಡಬ್ಲ್ಯುಎಂಐ ಒಳಗೆ ಸ್ಕ್ರಿಪ್ಟ್ ಬರೆದಿಟ್ಟಿದ್ದರು. ಅದನ್ನು ಹಿಡಿದ ದಿನ ನನಗೆ ನಾನೇ ಒಂದು ಮೈಸೂರು ಪಾಕ್ ಕೊಡಿಸಿಕೊಂಡೆ.

ಈಗ ಬೀಗದ ವಿಷಯ. ಗುತ್ತಲು ರಸ್ತೆ ಕಡೆಯ ಒಬ್ಬ ಅಮ್ಮ ತಮ್ಮ ಕ್ರೋಮ್ ತೋರಿಸಿ ಕೇಳಿದರು: "ಇದ್ನ ನಿಮ್ಮ ಸಂಸ್ಥೆ ನಿರ್ವಹಿಸ್ತಾ ಐತೆ ಅಂತದಲ್ಲಪ್ಪಾ, ನಮ್ಮನೇಲಿ ಯಾವ್ ಸಂಸ್ಥೆ?" ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಮನೆ ಕಂಪ್ಯೂಟರ್‌ನಲ್ಲಿ ಆ ಸಾಲು ಕಂಡರೆ ಯಾರೋ ಪಾಲಿಸಿ, ಅಂದರೆ ಬಳಸುವವರು ಬದಲಿಸಲಾಗದ ಸೆಟ್ಟಿಂಗ್, ಹಾಕಿದ್ದಾರೆ ಅಂತಲೇ. ಕೆಲವು ಆಂಟಿವೈರಸ್‌ಗಳೂ ಹಾಕುತ್ತವೆ, ಅದಕ್ಕೆ ಕ್ರೋಮ್‌ನ ಪಾಲಿಸಿ ಪುಟ ತೆರೆದು ನೋಡಿಯೇ ತೀರ್ಮಾನಿಸಿ. ಅಲ್ಲಿ ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್ (ಬಲವಂತವಾಗಿ ಹಾಕುವ ಎಕ್ಸ್‌ಟೆನ್ಷನ್‌ಗಳ ಪಟ್ಟಿ) ಅಂತಿದ್ದು, ಎದುರಿಗಿರುವ ಮೂವತ್ತೆರಡು ಅಕ್ಷರದ ಐಡಿ ಆಂಟಿವೈರಸ್‌ನದಲ್ಲದಿದ್ದರೆ ಅದೇ ಕಳ್ಳ. ಇಂಥದ್ದರಲ್ಲಿ ತೆಗೆಯುವ ಬಟನ್ನೇ ಕೆಲಸ ಮಾಡುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಅಂತ ಇಳಿದು ಆ ಕೀ ಅಳಿಸಬೇಕು. ಲೋಕಲ್ ಮಷೀನ್, ಕರೆಂಟ್ ಯೂಸರ್ ಎರಡೂ ಕಡೆ ನೋಡಿ. ಎಡ್ಜ್‌ಗೆ ಮೈಕ್ರೋಸಾಫ್ಟ್ ಕೆಳಗೆ ಬೇರೆ ಕೀ ಇದೆ. ನಾನು ಒಂದು ಮನೆಯಲ್ಲಿ ಕ್ರೋಮ್ ಮಾತ್ರ ತೊಳೆದು ಎಡ್ಜ್ ಮರೆತು ಬೈಸಿಕೊಂಡೆ.

ವಿಂಡೋಸ್‌ನ ಸ್ವಂತ ಆಂಟಿವೈರಸ್ ಡಿಫೆಂಡರ್ ಯಾಕೆ ಹಿಡಿಯಲಿಲ್ಲ ಅಂತ ಕೇಳುವವರಿಗೆ: ಎಕ್ಸ್‌ಕ್ಲೂಷನ್ (ಇದನ್ನು ತಪಾಸಣೆ ಮಾಡಬೇಡ ಅನ್ನುವ) ಪಟ್ಟಿ ತೆರೆದು ನೋಡಿ. ಪೈರೇಟೆಡ್ ಆಕ್ಟಿವೇಟರ್ (ಲೈಸೆನ್ಸ್ ಕೊಳ್ಳದೆ ವಿಂಡೋಸ್ ಚಾಲೂ ಮಾಡುವ ಪ್ರೋಗ್ರಾಮ್) ಓಡಿಸಿದ ಯಂತ್ರಗಳಲ್ಲಿ ಇಡೀ ಸಿ ಡ್ರೈವ್ ಅಲ್ಲಿ ಸೇರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಕಾವಲು ಕಾಯಿ ಅಂದ ಹಾಗೆ. ಆ ಆಕ್ಟಿವೇಟರನ್ನು ಓಡಿಸುವವರು ನಮ್ಮವರೇ, ಅಂಗಡಿಯವರೇ. ನಾನೂ ಮೊದಲು ಓಡಿಸುತ್ತಿದ್ದೆ, ಈಗ ಬಿಟ್ಟಿದ್ದೇನೆ, ಅದರಿಂದ ತಿಂಗಳಿಗೆ ಎರಡು ಮೂರು ಸಾವಿರ ಕೈಬಿಟ್ಟಿದೆ. ಬಿಡಲಿ.

ದುಡ್ಡಿನ ಮಾತು ಬಂತಲ್ಲ, ನನ್ನ ದೊಡ್ಡ ಪೆಟ್ಟೂ ಹೇಳುತ್ತೇನೆ. ಫಾರ್ಮ್ಯಾಟ್ ಕಾಲದಲ್ಲೇ ಮದ್ದೂರಿನ ಕಡೆಯವರ ಲ್ಯಾಪ್‌ಟಾಪ್ ಒಂದಕ್ಕೆ ಅವಸರದಲ್ಲಿ ಹೊಡೆದುಬಿಟ್ಟೆ. ಡಿ ಡ್ರೈವ್ ಇದೆಯಲ್ಲ, ಫೋಟೋ ಅಲ್ಲೇ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಡೆಸ್ಕ್‌ಟಾಪಿನಲ್ಲಿ, ಅಂದರೆ ಅಳಿಸಿಹೋದ ಸಿ ಡ್ರೈವ್‌ನಲ್ಲೇ, ಮಗುವಿನ ನಾಮಕರಣದ್ದು. ರಿಕವರಿಗೆ ಬೆಂಗಳೂರಿಗೆ ಕಳಿಸಿ ಆರೂವರೆ ಸಾವಿರವೋ ಏಳೋ ಕೈಯಿಂದ ಕೊಟ್ಟೆ, ಅರ್ಧ ಫೋಟೋ ಬಂದವು, ಅರ್ಧ ಬರಲಿಲ್ಲ. ಆ ತಾಯಿಯ ಮುಖ ಇನ್ನೂ ಕಣ್ಮುಂದೆ ಇದೆ. ಫಾರ್ಮ್ಯಾಟ್ ಸುಲಭದ ಕೆಲಸ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಈಗ ನನ್ನ ದರ ಎಂಟುನೂರು, ಮನೆಗೆ ಹೋದರೆ ಸಾವಿರ. ತೊಂಬತ್ತು ದಿನದೊಳಗೆ ಮತ್ತೆ ಬಂದರೆ ಪುಕ್ಕಟೆ. ಮೊದಲ ಮೂರು ತಿಂಗಳು ನಷ್ಟವೇ, ಒಂದೊಂದಕ್ಕೆ ಮೂರು ಗಂಟೆ ಕೂತಿದ್ದೇನೆ. ಈಗ ನಲವತ್ತು ನಿಮಿಷ, ಬಹಳವಾದರೆ ಒಂದು ಗಂಟೆ. ನಾನೇ ಬರೆದುಕೊಂಡ ಒಂದು ಬ್ಯಾಚ್ ಫೈಲ್ ಇದೆ, ಮೇಲೆ ಹೇಳಿದ್ದನ್ನೆಲ್ಲ ಒಂದೇ ಏಟಿಗೆ ನೋಡಿ ಪಟ್ಟಿ ಕೊಡುತ್ತದೆ. ಅದನ್ನು ಕೊಡುವುದಿಲ್ಲ, ಕೇಳಬೇಡಿ. ಎಲ್ಲ ಮುಗಿದಮೇಲೆ ಕೊನೆಗೊಂದು ಜಾಗ ನೋಡುತ್ತೇನೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹೊಟ್ಟೆಪಾಡು.

ಮಧ್ಯೆ ಒಂದೆರಡು ಪ್ರಯೋಗ ಮಾಡಿದೆ. ಅಂಗಡಿಯ ಹಳೇ ಡಬ್ಬಾ ಒಂದಕ್ಕೆ ಬೇರೆ ಹಾರ್ಡ್‌ಡಿಸ್ಕ್ ಹಾಕಿ, ಆಟೋರನ್ಸ್‌ನಲ್ಲಿ ಮೊದಲಿನ ಸ್ಥಿತಿ ಸೇವ್ ಮಾಡಿ, ಗ್ರಾಹಕರು ಮಾಡುವ ಹಾಗೇ ಒಂದು ಪುಕ್ಕಟೆ ಕನ್ವರ್ಟರ್ ಇಳಿಸಿ ಕಣ್ಣು ಮುಚ್ಚಿ ನೆಕ್ಸ್ಟ್ ನೆಕ್ಸ್ಟ್ ಒತ್ತಿದೆ. ಆಮೇಲೆ ಕಂಪೇರ್ ಹಾಕಿದರೆ ಹೊಸ ಸಾಲು ಒಂಬತ್ತೋ ಹತ್ತೋ. ಅದೇ ಡಿಸ್ಕನ್ನು ಮೊದಲಿನಂತೆ ಮಾಡಿ, ಈ ಸಲ ಕಸ್ಟಮ್ ಆರಿಸಿ ಟಿಕ್‌ಗಳನ್ನು ತೆಗೆಯುತ್ತಾ ಹೋದೆ: ಎರಡೇ ಸಾಲು. ಇದನ್ನು ನೋಡಿದಮೇಲೆ ಗ್ರಾಹಕರಿಗೆ ಹೇಳುವಾಗ ನನ್ನ ದನಿಯೇ ಬದಲಾಯಿತು.

ಇನ್ನೊಂದು, ಮೇಷ್ಟ್ರ ಸ್ನೇಹಿತರೊಬ್ಬರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಯಂತ್ರ ಹಗುರಾಯಿತು. ಆದರೆ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಟೈಪ್ ಮಾಡಿದ ಅವರ ಇಪ್ಪತ್ತು ವರ್ಷದ ಕಡತಗಳು ಅಲ್ಲಿ ಗೀಚಿದ ಹಾಗೆ ಕಂಡವು, ವಾರಕ್ಕೇ ವಾಪಸ್ ವಿಂಡೋಸ್. ವಿಶೇಷ ಏನೆಂದರೆ ಆ ವಾರದಲ್ಲೂ 'ನಿಮ್ಮ ಕಂಪ್ಯೂಟರ್‌ಗೆ ವೈರಸ್' ಅನ್ನುವ ಪಾಪಪ್ ಮೂಲೆಯಲ್ಲಿ ಬರುತ್ತಿತ್ತು. ಲಿನಕ್ಸ್‌ನಲ್ಲಿ! ಯಾವುದೋ ಸೈಟಿನ ನೋಟಿಫಿಕೇಷನ್‌ಗೆ ಅಲೋ ಒತ್ತಿದ್ದರು ಅಷ್ಟೆ. ಈಗ ನನಗೆ ಬರುವ ಹತ್ತು ದೂರಿನಲ್ಲಿ ನಾಲ್ಕು ಇದೇ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ತೆಗೆದರೆ ಎರಡು ನಿಮಿಷದ ಕೆಲಸ, ಇದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ರೂಟರ್ ಕೂಡ ಒಮ್ಮೆ ನೋಡಿ. ಅದೇ ವೈಫೈನಲ್ಲಿ ಮೊಬೈಲ್‌ಗೂ ಅದೇ ಪುಟ ಬಂದರೆ ಕಂಪ್ಯೂಟರ್ ಬಿಚ್ಚಿ ಕೂರಬೇಡಿ, ರೂಟರಿನ ಡಿಎನ್ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಬದಲಾಗಿರಬಹುದು. ಹಳಬರಿಗೆ ಡಿಎನ್ಎಸ್‌ಚೇಂಜರ್ ಅನ್ನುವ ಮಾಲ್‌ವೇರ್ ನೆನಪಿರಬೇಕು: 2011ರ ನವೆಂಬರ್‌ನಲ್ಲಿ ಎಫ್‌ಬಿಐ ತನಿಖೆಯಲ್ಲಿ ಆ ಗುಂಪು ಸಿಕ್ಕಿಬಿದ್ದಮೇಲೂ, ಜನರ ಇಂಟರ್ನೆಟ್ ನಿಲ್ಲಬಾರದೆಂದು 2012ರ ಜುಲೈ 9ರವರೆಗೆ ಬದಲಿ ಸರ್ವರ್ ನಡೆಸಬೇಕಾಯಿತು. ನಮ್ಮಲ್ಲಿ ಇಂಥದ್ದು ನನಗೆ ಸಿಕ್ಕಿದ್ದು ಎರಡೇ, ಎರಡರಲ್ಲೂ ರೂಟರ್ ಪಾಸ್‌ವರ್ಡ್ ಅಡ್ಮಿನ್ ಅಂತಲೇ ಇತ್ತು.

ತೆಗೆಯುವುದಕ್ಕಿಂತ ಮತ್ತೆ ಬರದಂತೆ ಮಾಡಿದ್ದೇ ನನಗೆ ಹೆಚ್ಚು ಹೆಮ್ಮೆ. ಕಳ್ಳ ಹಾಕಿದ ಬೀಗವನ್ನೇ ನಾನೂ ಹಾಕುತ್ತೇನೆ. ಅದೇ ಪಾಲಿಸೀಸ್ ಕೀ ಕೆಳಗೆ ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಬ್ಲಾಕ್‌ಲಿಸ್ಟ್ ಮಾಡಿ, 1 ಅನ್ನುವ ಹೆಸರಿಗೆ ಬರೀ ನಕ್ಷತ್ರ ಚಿಹ್ನೆ ಕೊಟ್ಟರೆ ಯಾವ ಎಕ್ಸ್‌ಟೆನ್ಷನ್ನೂ ಒಳಗೆ ಬರುವುದಿಲ್ಲ. ಬೇಕಾದವುಗಳ ಐಡಿ ಅಲೋಲಿಸ್ಟ್‌ಗೆ ಸೇರಿಸಬೇಕು. ನಾನು ಸೇರಿಸುವುದು ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಲೈಟ್, ಮತ್ತೆ ಮನೆಯವರು ಕೇಳಿದ್ದು. ಶುರುವಿನಲ್ಲಿ ಕನ್ನಡ ಟೈಪಿಂಗ್‌ನ ಎಕ್ಸ್‌ಟೆನ್ಷನ್ ಸೇರಿಸಲು ಮರೆತು, ಪಾಂಡವಪುರದ ಒಬ್ಬ ಅಕ್ಕನಿಗೆ ಒಂದು ದಿನದ ಕೆಲಸ ಕೆಟ್ಟಿತು. ನೋಟಿಫಿಕೇಷನ್‌ಗೂ ಅಲ್ಲೇ ಡಿಫಾಲ್ಟ್ ನೋಟಿಫಿಕೇಷನ್ಸ್ ಸೆಟ್ಟಿಂಗ್ 2, ಅಂದರೆ ಯಾವ ಸೈಟಿಗೂ ಬೇಡ. ಇವನ್ನು ಹಾಕಿದಮೇಲೆ ಆ 'ಸಂಸ್ಥೆ' ಸಾಲು ಮತ್ತೆ ಕಾಣುತ್ತದೆ. ಈ ಸಲ ಆ ಸಂಸ್ಥೆ ನಾನೇ ಅಂತ ಮೊದಲೇ ಹೇಳಿ, ಬಿಲ್ಲಿನ ಹಿಂದೆ ಬರೆದುಕೊಟ್ಟು ಬನ್ನಿ.

ಇದರ ಜೊತೆಗೆ ಮನೆಯವರ ದಿನದ ಬಳಕೆಗೆ ಸ್ಟ್ಯಾಂಡರ್ಡ್ ಖಾತೆ, ಹೆಚ್ಚಿನ ಇನ್‌ಸ್ಟಾಲ್‌ಗೆ ಅಡ್ಮಿನ್ ಪಾಸ್‌ವರ್ಡ್ ಕೇಳುವಂಥದ್ದು. ಅಡ್ಮಿನ್ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಬೀರುವಿನಲ್ಲಿ ಇಡಿಸುತ್ತೇನೆ. ಬೀರು ತೆಗೆಯಲು ಎದ್ದುಹೋಗುವಷ್ಟು ಹೊತ್ತು ಯೋಚಿಸಿದರೆ ಅರ್ಧ ಜನ ಇನ್‌ಸ್ಟಾಲ್ ಮಾಡುವುದನ್ನೇ ಬಿಡುತ್ತಾರೆ. ವಿಂಡೋಸ್ ಸೆಕ್ಯುರಿಟಿಯ ರೆಪ್ಯುಟೇಷನ್ ರಕ್ಷಣೆಯಲ್ಲಿ ಬೇಡದ ಆಪ್ ತಡೆಯುವ ಎರಡು ಟಿಕ್ ಹಾಕಿರಬೇಕು. ಡಿಎನ್ಎಸ್‌ಗೆ ಕೆಟ್ಟ ಸೈಟುಗಳನ್ನು ತಡೆಯುವ ಕ್ವಾಡ್9, ಅಂದರೆ 9.9.9.9. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಮಾಮೂಲಿ ಬೆಂಬಲ ಮುಗಿದಿದೆ, ಆ ಯಂತ್ರಗಳಿಗೆ ನಾನು ತೊಂಬತ್ತು ದಿನದ ಗ್ಯಾರಂಟಿ ಕೊಡುತ್ತಿಲ್ಲ.

ಒಂದು ಮನವಿ. ನಮ್ಮ ಕಡೆ ಈ ಕಾಟ ಹೊಗುವ ದೊಡ್ಡ ಬಾಗಿಲು ಕನ್ನಡವೇ ಆಗಿದೆ. ನುಡಿ ಬೇಕು, ಫಾಂಟ್ ಬೇಕು ಅಂತ ಹುಡುಕಿ, ಮೊದಲು ಕಂಡ ಹಸಿರು ಡೌನ್‌ಲೋಡ್ ಬಟನ್ ಒತ್ತುತ್ತಾರೆ, ಅದು ಜಾಹೀರಾತು. ಕನ್ನಡದಲ್ಲಿ ಅರ್ಜಿ ಬರೆಯಲು ಹೊರಟವರು ಹೀಗೆ ಸಿಕ್ಕಿಬೀಳುವುದು ನನಗೆ ನೋಡಲು ಆಗುವುದಿಲ್ಲ. ನಾನು ಕನ್ನಡ ಗಣಕ ಪರಿಷತ್ತಿನ ಮೂಲ ಇನ್‌ಸ್ಟಾಲರನ್ನೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು, ಕೇಳಲಿ ಬಿಡಲಿ, ಹೋದ ಮನೆಗೆಲ್ಲ ಹಾಕಿ ಬರುತ್ತೇನೆ. ನೀವೂ ಇಟ್ಟುಕೊಳ್ಳಿ.

ಮೇಷ್ಟ್ರ ಯಂತ್ರ ತೊಳೆದು ಇಪ್ಪತ್ತು ತಿಂಗಳಾಗಿರಬೇಕು, ಇನ್ನೂ ಗೂಗಲ್ಲೇ ತೆರೆಯುತ್ತಿದೆ. ಮೊನ್ನೆ ಪಕ್ಕದ ಅಂಗಡಿಯ ಗೆಳೆಯ ತನ್ನ ಅಕ್ಕನ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟ. "ಫೋಟೋ ಐತೆ ಕಣ್ಲಾ, ಫಾರ್ಮ್ಯಾಟ್ ಬ್ಯಾಡ" ಅಂದ. ಎಂಟುನೂರು ಅಂದೆ, ಕೊಟ್ಟ.